ಲೋ ಆ್ಯಂಗಲ್ ಸ್ಪೋಕ್‌ಶೇವ್: ಯಾವುದು ತಗೋಬೇಕು, ಹೆಂಗ ಮಸೀಬೇಕು, ನಮ್ಮ ಕಡೆ ಕಟಗಿ ಮ್ಯಾಲ ಹೆಂಗ ಓಡಿಸ್ಬೇಕು

ಕೊಡ್ಲಿ ಕಾವು, ಬಾಚಿ ಹಿಡಿ, ಕುರ್ಚಿ ಕಾಲು, ಲಟ್ಟಣಿಗಿ, ಹಿಂಗ ಗುಂಡಗ ಇಲ್ಲಾ ಬಾಗಿದ್ದು ಏನರ ಮಾಡ್ಬೇಕಂದ್ರ ರಂದಾ ಉಪಯೋಗ ಆಗಂಗಿಲ್ಲ, ಅದರ ತಳ ಉದ್ದ, ಸಪಾಟ ಕಟಗಿಗಷ್ಟ ಅದು. ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಬಡಿಗ್ಯಾರು ಇಂಥ ಕೆಲಸ ಬಾಚೀಲೆ ಕೆತ್ತಿ, ಕಾನಸ ಹೊಡದು, ಕಡೀಕ ಒಡದ ಗಾಜಿನ ಚೂರ್ಲೆ ಕೆರದು ಪಾಲಿಶ್ ಪೇಪರ್ ತಿಕ್ಕಿ ಮುಗಿಸ್ತಾರ. ಕೆಲಸ ಆಗೇ ಆಗ್ತೈತಿ, ಆದ್ರ ಕಾನಸ ಮತ್ತ ಪಾಲಿಶ್ ಪೇಪರ್ ಹೊತ್ತು ಭಾಳ ತಿಂತಾವು, ಧೂಳಂತೂ ಕೇಳಬ್ಯಾಡ್ರಿ. ಬಾಚಿಗೂ ಪಾಲಿಶ್ ಪೇಪರಿಗೂ ನಡುವ ಇರೋ ಹತಾರ ಅಂದ್ರ ಸ್ಪೋಕ್‌ಶೇವ್. ಎರಡೂ ಕಡೆ ಹಿಡಿ, ನಡುವ ಎರಡು ಇಂಚಿನ ಬ್ಲೇಡ್, ತಳ ಒಂದು ಬೆರಳಿನಷ್ಟು ಅಗಲ. ಗಾಲಿ ಆರಿ ಕೆರಿಯಾಕಂತ ಹುಟ್ಟಿದ ಹತಾರ ಇದು, ಚಕ್ಕಡಿ ಗಾಲಿ ಮಾಡೋ ಬಡಿಗ್ಯಾರಿಗೆ ಇದರ ಕೆಲಸ ಹೇಳಿಕೊಡೋದು ಬ್ಯಾಡ, ಕೈಯಾಗ ಕೊಟ್ಟ್ರ ಸಾಕು.

ಆದ್ರ ಅಂಗಡ್ಯಾಗ ಸಿಗೋ ಸ್ಪೋಕ್‌ಶೇವ್ ಬ್ಯಾರೆ, ಲೋ ಆ್ಯಂಗಲ್ ಸ್ಪೋಕ್‌ಶೇವ್ ಬ್ಯಾರೆ. ಇದನ್ನ ಮೊದಲ ತಿಳ್ಕೊಳ್ರಿ, ಇಲ್ಲಂದ್ರ ರೊಕ್ಕ ಹಾಳು.

ಎರಡು ಜಾತಿ, ಎರಡು ಸ್ವಭಾವ

ಮಂದಿ ಸಾಮಾನ್ಯಕ್ಕ ನೋಡಿರೋದು ಸ್ಟ್ಯಾನ್ಲಿ 151 ಮಾದರಿದು. ಎರಕದ ಕಬ್ಬಿಣದ ಮೈ, ಬ್ಲೇಡ್ ಸುಮಾರು 45 ಡಿಗ್ರಿಗೆ ನಿಂತಿರ್ತೈತಿ, ಬೆವೆಲ್ ಅಂದ್ರ ಮಸೆದ ಇಳಿಜಾರು ಮಗ್ಗಲು ಕೆಳಗ ಮುಖ ಮಾಡಿರ್ತೈತಿ, ಮ್ಯಾಲ ಎರಡು ನಟ್ ತಿರುವಿ ಬ್ಲೇಡ್ ಮ್ಯಾಲ ಕೆಳಗ ಮಾಡ್ಕೋಬೇಕು. ಇದು ಸಣ್ಣ ರಂದಾಕ್ಕ ಎರಡು ಕಿವಿ ಹಚ್ಚಿದಂಗ. ಬ್ಲೇಡಿನ ಮುಂದೂ ಹಿಂದೂ ಕಬ್ಬಿಣದ ತಳ ಇರ್ತೈತಿ, ಹಂಗಾಗಿ ಹೊಸಬರ ಕೈಯಾಗೂ ಜಗ್ಗಿ ಹಾರಂಗಿಲ್ಲ.

ಲೋ ಆ್ಯಂಗಲ್ ಹಂಗಲ್ಲ. ಇದರಾಗ ಬ್ಲೇಡ್ ಹೆಚ್ಚುಕಡಿಮಿ ಮಲಗಿರ್ತೈತಿ, ಬೆವೆಲ್ ಮ್ಯಾಲ, ಸಪಾಟ ಬೆನ್ನು ಕೆಳಗ. ಬ್ಲೇಡಿನ ಹಿಂದ ಬ್ಯಾರೆ ತಳ ಇಲ್ಲ, ಬ್ಲೇಡಿನ ಬೆನ್ನೇ ತಳ. ಮುಂದ ಮಾತ್ರ ಮೈಯ ತಳ ಐತಿ, ಅಲ್ಲಿ ಸವೀಬಾರದಂತ ಹಿತ್ತಾಳಿ ಪಟ್ಟಿ ಹಾಕಿರ್ತಾರ. ಹಳೇ ಕಾಲದ ಕಟಗಿ ಮೈದೂ ಎಲ್ಲಾ ಹಿಂಗ, ಬ್ಲೇಡಿನ ಎರಡೂ ತುದಿ ಕೊಂಬಿನಂಗ ಮ್ಯಾಲಕ್ಕ ಬಾಗಿಸಿ ಮೈಯಾಗಿನ ತೂತಿನಾಗ ಬಿಗಿಯಾಗಿ ಕೂಡಿಸಿರ್ತಾರ. ಈಗಿನವು, ವೆರಿಟಾಸ್ ಕಂಪನಿ ಕಿಟ್ ಇದ್ದಂಗ, ಕೊಂಬಿನ ಬದಲಿ ತಿರುಪಿನ ಕಡ್ಡಿ ಹಾಕಿ ಮ್ಯಾಲಿಂದ ಹಿತ್ತಾಳಿ ನಟ್ ಕೊಡ್ತಾವು.

ಕೋನದ ಲೆಕ್ಕ ಇಷ್ಟ. 151 ರಾಗ ನೀವು ಬೆವೆಲ್ 25 ಕ್ಕ ಮಸೀರಿ 30 ಕ್ಕ ಮಸೀರಿ, ಕಟಗಿಗೆ ತಾಗೋ ಕೋನ ಅದ 45. ಲೋ ಆ್ಯಂಗಲ್ ಒಳಗ ಬ್ಲೇಡ್ ಮಲಗಿದ್ದಕ್ಕ ಮಸೆದ ಕೋನನ ಕೊಯ್ಯೋ ಕೋನ, ಅಂದ್ರ 25 ರಿಂದ 30 ರ ಆಸುಪಾಸು. ಚಾಕು ಓಡಿದಂಗ ಓಡ್ತೈತಿ. ಅಡ್ಡ ಕೊಯ್ದ ತುದಿ ಮ್ಯಾಲ, ಹಸಿ ಕಟಗಿ ಮ್ಯಾಲ, ಬಿದರಿನ ಮ್ಯಾಲ ಇದರ ಮುಂದ 151 ಏನೂ ಅಲ್ಲ. ಆದ್ರ ಅದ ಗುಣ ಇದರ ದೋಷನೂ ಹೌದು, ನಾರು ಅಡ್ಡತಿಡ್ಡಿ ಓಡಿದ ಕಟಗ್ಯಾಗ ಬ್ಲೇಡ್ ನಾರಿನ ಕೆಳಗ ಬೆಣಿ ಹಾಕಿದಂಗ ತೂರಿಕೊಂಡು ಹೋಗಿ ತುಂಡು ಕಿತ್ತು ತಗೀತೈತಿ. ಕೋನ ಕಮ್ಮಿ ಇದ್ದಷ್ಟೂ ಛಲೋ ಅಂತ ಯೂಟ್ಯೂಬ್ ನೋಡಿ ನಂಬಿದವರು ನಮ್ಮ ಬೇವಿನ ಕಟಗಿ ಮ್ಯಾಲ ಒಂದ ಸಲ ಓಡಿಸಿ ನೋಡ್ರಿ.

ನಮ್ಮ ಕಟಗಿಗೆ ಯಾವುದು

ಖಾನಾಪುರ ಕಡೆ ಸಾಗವಾನಿ ನೆಟ್ಟಗ ನಾರು ಇದ್ದದ್ದು ಸಿಕ್ಕ್ರ ಲೋ ಆ್ಯಂಗಲ್ ಹಬ್ಬ, ಆದ್ರ ಸಾಗವಾನ್ಯಾಗ ಸಿಲಿಕಾ ಇರ್ತೈತಿ, ಹರಿತ ಲಗೂನ ಹೋಗ್ತೈತಿ, ಮಸೆಗಲ್ಲು ಬಾಜೂಕ ಇರ್ಬೇಕು. ಶಿವನಿ ಕಟಗಿ ಮೆತ್ತಗ, ಕಲಿಯಾಕ ಅದರಂಥದ್ದು ಇಲ್ಲ. ಜಾಲಿ ಅಂದ್ರ ಕರಿಜಾಲಿ ನಮ್ಮ ಕಡೆ ಗಾಲಿಗೂ ಕಾವಿಗೂ ಹಿಂದಿನಿಂದ ಬಳಸಿದ ಕಟಗಿ, ಹಸಿ ಇದ್ದಾಗ ಲೋ ಆ್ಯಂಗಲ್ ಕೆಳಗ ಸೌತಿಕಾಯಿ ಸಿಪ್ಪಿ ಬಂದಂಗ ಬರ್ತೈತಿ, ಪೂರಾ ಒಣಗಿತಂದ್ರ ಕಲ್ಲು. ಹಂಗಾಗಿ ಜಾಲಿ ಕಾವು ಮಾಡೋರು ಹಸಿ ಇದ್ದಾಗನ ಮುಕ್ಕಾಲು ಆಕಾರ ತಂದು, ನೆರಳಾಗ ಒಣಗಿಸಿ, ಆಮ್ಯಾಲ ಕಡೀ ಕೈ ಹೊಡೀರಿ. ಬಳ್ಳಾರಿ ಜಾಲಿ ವಿಜಯಪುರ ಬಾಗಲಕೋಟ್ಯಾಗ ಬೇಲಿ ತುಂಬ ಪುಕ್ಕಟ ಐತಿ, ಸೊಟ್ಟ ಇರ್ತೈತಿ ಖರೆ, ಸಣ್ಣ ಹಿಡಿಗೆ ಸಾಕಾಗೋ ಉದ್ದ ನೆಟ್ಟಗಿದ್ದದ್ದು ಹುಡುಕಿದ್ರ ಸಿಗ್ತೈತಿ, ಮುಳ್ಳು ಸಂಭಾಳಿಸ್ರಿ. ಬೇವು, ಮಾವು ಇವೆರಡರಾಗ ನಾರು ತಿರುಗಾಮುರುಗಾ, ಅಲ್ಲಿ 151 ನ ಬೇಕು.

ಇದರ ಮ್ಯಾಲ ನನ್ನ ಅಭಿಪ್ರಾಯ ಕೇಳಿದ್ರ, ಒಂದ ಹತಾರಕ್ಕ ರೊಕ್ಕ ಇತ್ತಂದ್ರ ಮೊದಲ 151 ಮಾದರಿ ತಗೋರಿ. ಲೋ ಆ್ಯಂಗಲ್ ಎರಡನೇದು ಆಗ್ಲಿ. ಹಸಿ ಕಟಗಿ ಕೆಲಸನ ಮಾಡೋರು, ಚಮಚ ಸೌಟು ಕೆತ್ತೋರು, ಬಿದರು ಕೆಲಸದವರು ಮಾತ್ರ ಈ ಮಾತು ಬಿಟ್ಟು ಸೀದಾ ಲೋ ಆ್ಯಂಗಲ್‌ಗೇ ಹೋಗಬಹುದು.

ತಗೊಳ್ಳೋ ಮುಂದ

ಬೆಳಗಾವಿ ರವಿವಾರ ಪೇಟಿ ಹಾರ್ಡ್‌ವೇರ್ ಅಂಗಡ್ಯಾಗ ಕೇಳಿದ್ರ ಸಿಕ್ಕ್ರ 151 ಮಾದರಿ ಸಿಕ್ಕೀತು, ಲೋ ಆ್ಯಂಗಲ್ ಆನ್‌ಲೈನ್ ತರಿಸೋದ, ಹೊರದೇಶದ್ದು ಅಂದ್ರ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕ್ರಿ. ಕೈಗೆ ಬಂದ ಮ್ಯಾಲ ಏನು ನೋಡ್ಬೇಕು?

ಮೊದಲ ಬ್ಲೇಡಿನ ಬೆನ್ನು. ಒಂದು ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡೀರಿ, ಅಂಚಿನ ಸನೇಕ ಉಬ್ಬಿದ್ರ ಅದು ತಳ ಉಬ್ಬಿದಂಗ, ಉಬ್ಬು ತಗಿಯೂತನಕ ಹತಾರ ಕೆಲಸ ಕೊಡಂಗಿಲ್ಲ. ನಡುವ ತುಸು ತಗ್ಗಿದ್ರ ತೊಂದ್ರಿ ಇಲ್ಲ, ಉಲ್ಟಾ ಛಲೋ, ಮಸಿಯಾಕ ಹಗುರ. ಆಮ್ಯಾಲ ಬ್ಲೇಡ್ ದಪ್ಪ, 3 ಮಿಲಿಮೀಟರ್ ಸಮೀಪ ಇದ್ರ ನಡಗಂಗಿಲ್ಲ. ಮುಂದಿನ ಬಾಯಿ, ಅಂದ್ರ ಬ್ಲೇಡ್ ಅಂಚಿಗೂ ಮುಂದಿನ ತಳಕ್ಕೂ ನಡುವಿನ ಸಂದಿ, ಸಣ್ಣದಿರ್ಬೇಕು, ಮತ್ತ ಎಡದಿಂದ ಬಲಕ್ಕ ಒಂದ ಸಮ ಇರ್ಬೇಕು. ಲೋ ಆ್ಯಂಗಲ್ ಒಳಗ ಬ್ಲೇಡ್ ಕೆಳಗ ಇಳಿಸಿದಷ್ಟೂ ಬಾಯಿ ದೊಡ್ಡದಾಗ್ತೈತಿ, ಹಂಗಾಗಿ ದಪ್ಪ ಸುರಳಿಗೆ, ಅಂದ್ರ ಕೆರದು ಏಳೋ ಕಟಗಿ ಸಿಪ್ಪಿ ದಪ್ಪ ಬರೂವಂಗ, ಇಟ್ಟು ನುಣುಪು ಬರ್ಲಿಲ್ಲ ಅನ್ನಬಾರದು.

ಹಳೇ ಕಟಗಿ ಮೈದು ಯಾರರ ಕೊಟ್ಟ್ರ, ಇಲ್ಲಾ ಇಂಗ್ಲೆಂಡಿಂದ ತರಿಸಿದ್ರ, ಕೊಂಬು ಕೂತ ತೂತು ಸಡಿಲ ಆಗೇತೇನು ನೋಡ್ರಿ. ಬ್ಲೇಡ್ ತಾನ ಇಳೀತಿದ್ರ ತೂತಿನಾಗ ಕಾಗದದ ಚೂರೋ ತೆಳ್ಳನ್ನ ಚರ್ಮದ ಚೂರೋ ಹಾಕಿ ಬಿಗಿ ಮಾಡಬಹುದು, ಆದ್ರ ಮೈ ಸೀಳಿದ್ರ ಬ್ಯಾಡ. ಅಂಚಿನಿಂದ ಕೊಂಬಿನ ತನಕ ಬ್ಲೇಡ್ ಎಷ್ಟು ಉಳದೈತಿ ಅನ್ನೋದೂ ಮುಖ್ಯ, ಸವದು ಸವದು ದಾರದಷ್ಟು ಉಳಿದದ್ದು ಗ್ವಾಡಿಗೆ ತೂಗಹಾಕಾಕ ಛಲೋ.

ಮಸಿಯೋದು

ಇಲ್ಲಿ ಅವಸರ ಮಾಡಬ್ಯಾಡ್ರಿ, ಲೋ ಆ್ಯಂಗಲ್ ಕೆಲಸ ಕೊಡೋದೂ ಬಿಡೋದೂ ಅರ್ಧ ಇಲ್ಲೇ ನಿಂತೈತಿ.

ಮೊದಲ ಬೆನ್ನು. ಕೊಂಬೋ ತಿರುಪಿನ ಕಡ್ಡೀನೋ ಮ್ಯಾಲಕ್ಕ ಇರೋದ್ರಿಂದ ಬೆನ್ನು ಕಲ್ಲಿನ ಮ್ಯಾಲ ಪೂರಾ ಮಲಗ್ತೈತಿ, ಏನೂ ಅಡ್ಡ ಬರಂಗಿಲ್ಲ. ಸಪಾಟ ಕಲ್ಲು ಬೇಕು, ನಡುವ ತಗ್ಗು ಬಿದ್ದ ಮನಿ ಕಲ್ಲು ನಡಿಯಂಗಿಲ್ಲ. ದಪ್ಪ ಗಾಜಿನ ತುಂಡಿನ ಮ್ಯಾಲ ವಾಟರ್ ಪೇಪರ್ ಅಂಟಿಸಿ 400, 800, 1500, 2000 ಅಂತ ಹತ್ತಿಕೊಂಡು ಹೋದ್ರೂ ಸಾಕು. ಅಂಚಿನ ಉದ್ದಕ್ಕೂ ಒಂದ ಸಮ ಹೊಳಪು ಬರೂತನಕ ಬಿಡಬ್ಯಾಡ್ರಿ.

ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡ್ರಿ. ರಂದಾ ಬ್ಲೇಡ್ ಮಸಿಯೋ ಮುಂದ ಕೆಲವರು ಬೆನ್ನಿನ ಕೆಳಗ ತೆಳ್ಳನ್ನ ಸ್ಟೀಲ್ ಸ್ಕೇಲ್ ಇಟ್ಟು, ಬೆನ್ನು ತುಸು ಎತ್ತಿ, ಅಂಚಷ್ಟ ಮಸೀತಾರ. ರಂದಾಕ್ಕ ಅದು ನಡೀತೈತಿ. ಲೋ ಆ್ಯಂಗಲ್ ಸ್ಪೋಕ್‌ಶೇವ್‌ಗೆ ಅದು ವಿಷ. ಯಾಕಂದ್ರ ಬೆನ್ನೇ ತಳ, ಅಂಚಿನ ಹತ್ರ ಬೆನ್ನು ತುಸುವ ಮ್ಯಾಲಕ್ಕ ತಿರುಗಿದ್ರೂ ಅಂಚು ಕಟಗಿಯಿಂದ ಮ್ಯಾಲೆದ್ದು ನಿಲ್ತೈತಿ, ಬ್ಲೇಡ್ ಕೂದಲು ಕತ್ತರಿಸೋವಷ್ಟು ಹರಿತ ಇರ್ತೈತಿ ಆದ್ರ ಕಟಗಿ ಮ್ಯಾಲ ಜಾರಿಕೊಂಡು ಹೋಗ್ತೈತಿ, ನೀವು ತಿಳೀಲಾರದ ಬ್ಲೇಡ್ ಇನ್ನಷ್ಟು ಇಳಸ್ತೀರಿ, ಆಗ ಒಮ್ಮಿಗೆ ಕಚ್ಚಿ ಕಿತ್ತು ಬರ್ತೈತಿ. ಬಳಸ್ತಾ ಬಳಸ್ತಾ ಬೆನ್ನ ಕಡೆ ಅಂಚು ತಾನೂ ಹಂಗ ಸವೀತೈತಿ, ಅದಕ್ಕ ಪ್ರತಿ ಸಲ ಮಸಿಯೋ ಮುಂದ ಬೆನ್ನಿಗೂ ಪಾಲು ಕೊಡ್ರಿ. ಚರ್ಮದ ಪಟ್ಟಿ ಮ್ಯಾಲ ತಿಕ್ಕೋ ಮುಂದೂ ಹಂಗ, ಮೆತ್ತನ್ನ ಚರ್ಮ ಅಂಚನ್ನ ಗುಂಡಗ ಮಾಡ್ತೈತಿ, ಗಟ್ಟಿ ಹಲಗಿಗೆ ಅಂಟಿಸಿದ ತೆಳ್ಳನ್ನ ಚರ್ಮ ಇರ್ಲಿ.

ಇನ್ನ ಬೆವೆಲ್. ತಿರುಪಿನ ಕಡ್ಡಿ ಬಿಚ್ಚಾಕ ಬಂದ್ರ ಬಿಚ್ಚಿ, ಸಾದಾ ಬ್ಲೇಡಿನಂಗ ಮಸೀರಿ. ಕೊಂಬಿನ ಬ್ಲೇಡ್ ಇದ್ರ ಕೊಂಬು ಕಲ್ಲಿಗೆ ತಾಗ್ತಾವು, ಅದಕ್ಕ ಎರಡು ಕೊಂಬಿನ ನಡುವ ಹಿಡಿಯೋವಷ್ಟು ಅಗಲದ ಕಟಗಿ ಪಟ್ಟಿ ಮಾಡಿ, ಅದಕ್ಕ ವಾಟರ್ ಪೇಪರ್ ಅಂಟಿಸಿ, ಬ್ಲೇಡ್ ವೈಸ್‌ನಾಗ ಹಿಡಿದು, ಪಟ್ಟೀನ ಬೆವೆಲ್ ಮ್ಯಾಲ ಕಾನಸ ಹೊಡದಂಗ ಓಡಿಸ್ರಿ. ಅಂಚಿನ ಕಡೆ ಬೆರಳು ತರಬ್ಯಾಡ್ರಿ. ಬೆನ್ನ ಕಡೆ ಅಂಚಿನುದ್ದಕ್ಕೂ ತಂತಿಯಂಥ ಸಣ್ಣ ಬರ್ ಕೈಗೆ ತಾಗಿತಂದ್ರ ಅಂಚಿನ ತನಕ ಮುಟ್ಟೇತಿ ಅಂತ, ಬೆನ್ನು ಕಲ್ಲಿನ ಮ್ಯಾಲ ಮಲಗಿಸಿ ಎರಡು ಸಲ ಎಳದು ಅದನ್ನ ತಗೀರಿ.

ಕೋನ 25 ಇಟ್ಟ್ರ ಹಸಿ ಕಟಗಿ, ಮೆತ್ತನ್ನ ಕಟಗಿಗೆ ಬರೋಬರಿ. ಒಣ ಸಾಗವಾನಿಗೆ 30. ನಾರು ಕಿತ್ತು ಬರೋ ಕಟಗ್ಯಾಗನೂ ಇದನ್ನ ಓಡಿಸಬೇಕು ಅಂತ ಹಟ ಇದ್ರ ಅಂಚಿಗಷ್ಟ 35 ರದ್ದೊಂದು ಸಣ್ಣ ಬೆವೆಲ್ ಕೊಡ್ರಿ. ಬೆವೆಲ್ ಮ್ಯಾಲಿರೋದ್ರಿಂದ ಕೊಯ್ಯೋ ಕೋನ ಅಷ್ಟ ಏರ್ತೈತಿ, ಕಿತ್ತು ಬರೋದು ಕಮ್ಮಿ ಆಗ್ತೈತಿ, ನೂಕಾಕ ಜೋರು ತುಸು ಹೆಚ್ಚು ಬೇಕಾಗ್ತೈತಿ. 151 ರಾಗ ಬೆವೆಲ್ ಮಸದು ಹಿಂಗ ಕೋನ ಏರಿಸಾಕ ಬರಂಗಿಲ್ಲ.

ಬ್ಲೇಡ್ ಇಡೋದು

ಬ್ಲೇಡ್ ಪೂರಾ ಒಳಗ ತಗೊಂಡು ಶುರು ಮಾಡ್ರಿ, ಕಟಗಿ ಮ್ಯಾಲ ಓಡಿಸ್ತಾ ಒಂದೊಂದ ಚೂರು ಇಳಸ್ರಿ. ಕೊಂಬಿಂದು ಇದ್ರ ಸಣ್ಣ ಸುತ್ತಿಗೀಲೆ ಕೊಂಬಿನ ತುದಿಗೆ ಟಕ್ ಅಂತ ಹೊಡದ್ರ ಇಳೀತೈತಿ, ವಾಪಸ್ ಏರಿಸಾಕ ಬ್ಲೇಡಿಗೆ ಕೆಳಗಿಂದ ಕಟಗೀಲೆ ತಟ್ಟಬೇಕು, ಅಂಚಿಗೆ ಹೊಡೀಬ್ಯಾಡ್ರಿ ಮತ್ತ. ನಟ್ ಇದ್ದದ್ದಾದ್ರ ಕಾಲು ಸುತ್ತೂ ಭಾಳ ಆಗ್ತೈತಿ, ಅದಕ್ಕೂ ಕಮ್ಮಿ ತಿರುವ್ರಿ. ಎಷ್ಟು ಇಳದೈತಿ ಅಂತ ಕಣ್ಣಿಗೆ ಕಾಣಂಗಿಲ್ಲ, ಬೆರಳಷ್ಟು ಅಗಲದ ತೆಳ್ಳನ್ನ ಕಟಗಿ ಚೂರನ್ನ ಬ್ಲೇಡಿನ ಎಡತುದಿ, ನಡು, ಬಲತುದಿ ಮ್ಯಾಲ ಒಂದೊಂದ ಸಲ ಎಳೀರಿ, ಸುರಳಿ ಯಾವ ಕಡೆ ದಪ್ಪ ಬರ್ತೈತಿ ಅದ ಹೇಳ್ತೈತಿ.

ಎಡಕ್ಕ ತುಸು ದಪ್ಪ, ಬಲಕ್ಕ ತೆಳ್ಳಗ ಇರೂವಂಗ ಬೇಕಂತಲೇ ಸೊಟ್ಟ ಇಡೋದೂ ಐತಿ. ಮೊದಲ ಎಡಗಡೀಲೆ ಜಾಸ್ತಿ ತಗದು, ಆಕಾರ ಬಂದ ಮ್ಯಾಲ ಹತಾರ ಸರಿಸಿ ಬಲಗಡೀಲೆ ನುಣುಪು ಮಾಡೋದು, ನಡುವ ಬ್ಲೇಡ್ ಮುಟ್ಟೋ ಕೆಲಸ ಇಲ್ಲ. ನನಗ ಇದ ಪಸಂದ.

ಕೈ ಇಡೋದು

ಹಿಡಿ ತುದ್ಯಾಗ ಸೈಕಲ್ ಹ್ಯಾಂಡಲ್‌ನಂಗ ಹಿಡೀಬ್ಯಾಡ್ರಿ, ಎಲ್ಲರೂ ಮೊದಲ ಹಂಗ ಹಿಡೀತಾರ. ಎರಡೂ ಹೆಬ್ಬೆರಳು ಮೈಯ ಹಿಂದ, ಬ್ಲೇಡಿನ ಸನೇಕ, ತೋರುಬೆರಳು ಮುಂದ ಮೈಗೆ ಒತ್ತಿ, ಉಳದ ಬೆರಳು ಹಿಡಿ ಮ್ಯಾಲ ಹಗುರ. ಮಣಿಕಟ್ಟು ಗಟ್ಟಿ ಇರ್ಲಿ, ಜೋರು ಭುಜದಿಂದ ಬರ್ಲಿ. ನಿಮ್ಮ ಕಡೆ ಎಳಕೋರಿ, ನಿಮ್ಮಿಂದ ದೂರ ನೂಕ್ರಿ, ಎರಡೂ ನಡೀತೈತಿ, ಹತಾರ ತಿರುಗಿಸಿ ಹಿಡಕೊಂಡ್ರ ಆತು. ನೂಕೋ ಮುಂದ ಕಣ್ಣಿಗೆ ಕೆಲಸ ಕಾಣ್ತೈತಿ, ಎಳಿಯೋ ಮುಂದ ಕೈಗೆ ಹತೋಟಿ ಹೆಚ್ಚು.

ಹತಾರ ಕಟಗಿ ಮ್ಯಾಲ ಇಡೋ ಮುಂದ ಬ್ಲೇಡ್ ಇಡಬ್ಯಾಡ್ರಿ, ಮುಂದಿನ ತಳ ಇಡ್ರಿ, ಹಿಂಭಾಗ ತುಸು ಎತ್ತಿರ್ಲಿ. ಓಡಿಸಾಕ ಶುರು ಮಾಡಿ ಮೆಲ್ಲಕ ಹಿಂಭಾಗ ಇಳಸ್ತಾ ಬರ್ರಿ, ಒಂದ ಜಾಗಕ್ಕ ಅಂಚು ಕಚ್ಚಿ ಸುರಳಿ ಏಳ್ತೈತಿ. ಅಲ್ಲೇ ನಿಲ್ಲಸ್ರಿ. ಇನ್ನೂ ಇಳಿಸಿದ್ರ ಬ್ಲೇಡಿನ ಹಿಂದಿನ ತುದಿ ಕಟಗಿಗೆ ಕೂತು ಅಂಚು ಮ್ಯಾಲೇಳ್ತೈತಿ, ಕೊಯ್ಯೋದು ನಿಲ್ತೈತಿ. ಈ ನಡುವಿನ ಜಾಗ 151 ರಾಗ ಅಗಲ, ಇದರಾಗ ಇಕ್ಕಟ್ಟು. ಕೈಗೆ ಅದು ಕೂತ ಮ್ಯಾಲ ಸುರಳಿ ದಪ್ಪ ಮಾಡೋದು ತೆಳ್ಳಗ ಮಾಡೋದು ಬ್ಲೇಡ್ ಮುಟ್ಟಲಾರದ ಮಣಿಕಟ್ಟಿನಿಂದನ ಆಗ್ತೈತಿ, ಲೋ ಆ್ಯಂಗಲ್ ಹಿಡದವರು ಬಿಡವಲ್ಲರು ಅಂದ್ರ ಇದಕ್ಕ.

ಹತಾರ ನೆಟ್ಟಗ ನೂಕದ ತುಸು ಓರಿ ಮಾಡಿ, ಸುಮಾರು 20 ರಿಂದ 30 ಡಿಗ್ರಿ, ನೂಕಿದ್ರ ಹಗುರಾಗಿ ಕೊಯ್ತೈತಿ. ಓರಿ ಮಾಡಿದಾಗ ತಳ ಕಟಗಿಯ ಉದ್ದಕ್ಕ ತುಸು ಉದ್ದನೂ ಆಗ್ತೈತಿ, ಉಬ್ಬುತಗ್ಗು ಹೋಗಾಕ ಅದು ಛಲೋ.

ನಾರಿನ ದಿಕ್ಕು ನೋಡೋದು ಅಂದ್ರ, ಎತ್ತರದಿಂದ ತಗ್ಗಿಗೆ ಹೋಗ್ರಿ. ಉಬ್ಬಿದ್ದಲ್ಲಿ ನೆತ್ತಿಯಿಂದ ಎರಡೂ ಕಡೆ ಇಳೀಬೇಕು, ತಗ್ಗಿನಾಗ ಎರಡೂ ತುದಿಯಿಂದ ನಡುವಿಗೆ ಬಂದು ನಿಲ್ಲಬೇಕು, ತಗ್ಗು ದಾಟಿ ಮ್ಯಾಲ ಹತ್ತಿದ್ರ ಸಿಬರು ಎದ್ದ ಏಳ್ತೈತಿ. ಭಾಳ ಒಳಬಾಗಿದ್ದಕ್ಕ ಸಪಾಟ ತಳದ್ದು ಬರಂಗಿಲ್ಲ, ಗುಂಡು ತಳದ್ದು ಬ್ಯಾರೇನ ಬೇಕು.

ಕೈ ಕೂಡಿಸಾಕ ಒಂದು ಲಟ್ಟಣಿಗಿ

40 ಮಿಲಿಮೀಟರ್ ಚೌಕದ, ಒಂದೂವರಿ ಫೂಟ್ ಉದ್ದದ ಶಿವನಿಯೋ ಸಾಗವಾನಿಯೋ ತಗೋರಿ. ಕೈಯಾಗ ಹಿಡದು ಆಗೋ ಕೆಲಸ ಅಲ್ಲ, ವೈಸ್ ಬೇಕು, ಇಲ್ಲಾ ದಪ್ಪ ಹಲಗಿ ಮ್ಯಾಲ ಎರಡೂ ತುದಿ ತಡಿಯೋವಂಗ ಗೂಟ ಹೊಡೀರಿ. ಚೌಕ ಸೀದಾ ಗುಂಡಗ ಮಾಡಾಕ ಹೋದ್ರ ಬದನಿಕಾಯಿ ಆಗ್ತೈತಿ. ಮೊದಲ ಎಂಟು ಮೂಲಿ ಮಾಡ್ರಿ. ಲೆಕ್ಕ ಸರಳ, ಅಗಲಕ್ಕ 0.293 ಗುಣಿಸ್ರಿ, 40 ಕ್ಕ 11.7 ಬರ್ತೈತಿ, ಅಂದ್ರ 12 ಕ್ಕ ಕೂದಲಷ್ಟು ಕಮ್ಮಿ. ನಾಲ್ಕೂ ಮೈ ಮ್ಯಾಲ, ಎರಡೂ ಅಂಚಿನಿಂದ ಅಷ್ಟು ಒಳಗ ಪೆನ್ಸಿಲ್ ಗೆರಿ ಉದ್ದಕ್ಕ ಎಳೀರಿ. ಈಗ ಗೆರಿಯಿಂದ ಗೆರಿಗೆ ಮೂಲಿ ಕತ್ತರಿಸಿದ್ರ ಎಂಟೂ ಮೈ ಸಮ, ಒಂದೊಂದು ಹದಿನಾರೂವರಿ ಮಿಲಿಮೀಟರ್ ಸುಮಾರು. ಮೂಲ್ಯಾಗಿಂದು ಭಾಳ ಇದ್ದಾಗ ಬಾಚೀಲೆ ತಗೀರಿ, ಗೆರಿ ಸನೇಕ ಬಂದ ಮ್ಯಾಲ ಸ್ಪೋಕ್‌ಶೇವ್. ಗೆರಿ ಅರ್ಧ ಉಳಿಯೂತನಕ ಸಾಕು.

ಆಮ್ಯಾಲ ಎಂಟು ಮೂಲಿ ಮುರದು ಹದಿನಾರು, ಇದಕ್ಕ ಗೆರಿ ಬ್ಯಾಡ, ಕಣ್ಣಳತಿ ಸಾಕು, ಹೊಸಾ ಮೈ ಹಳೇ ಮೈಯಷ್ಟ ಅಗಲ ಬಂದಾಗ ನಿಲ್ಲಸ್ರಿ. ಅಲ್ಲಿಂದ ಬ್ಲೇಡ್ ತೆಳ್ಳಗ ಇಟ್ಟು, ಕಟಗಿ ತುಸುತುಸು ತಿರುಗಿಸ್ತಾ ಉದ್ದಕ್ಕ ಎಳಕೊಂಡು ಬಂದ್ರ ಗುಂಡಗ. ಕಣ್ಣು ಮುಚ್ಚಿ ಅಂಗೈಯಾಗ ತಿರುವಿ ನೋಡ್ರಿ, ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗ್ತಾವು. ತುದಿ ಗುಂಡಗ ಮಾಡೋದು ಅಡ್ಡ ಕೊಯ್ದ ನಾರು, ಲೋ ಆ್ಯಂಗಲ್‌ನ ಅಸಲಿ ಜಾಗ, ಹೊರಗಿನ ಅಂಚಿನಿಂದ ನಡುವಿಗೆ ಬರ್ರಿ, ಅಂಚು ದಾಟಿ ಹೊರಗ ಹೋದ್ರ ಚಕ್ಕಿ ಹಾರ್ತೈತಿ.

ಕಾವು ಮಾಡೋ ಮುಂದ ಇದ ಕ್ರಮ, ಒಂದ ಫರಕ, ಕಾವು ಗುಂಡಗ ಇರಬಾರದು, ತತ್ತಿ ಆಕಾರ ಇರ್ಬೇಕು, ಕತ್ತಲ್ಯಾಗ ಹಿಡದ್ರೂ ಅಲಗು ಯಾವ ಕಡೆ ಅಂತ ಕೈಗೆ ತಿಳೀಬೇಕು. ಕಟಗಿ ಆರಿಸೋ ಮುಂದ ತುದ್ಯಾಗಿನ ಉಂಗುರದ ಗೆರಿ ಹೊಡತ ಬೀಳೋ ದಿಕ್ಕಿಗೆ ಉದ್ದಕ್ಕ ಇರೂವಂಗ ನೋಡ್ಕೋರಿ, ಅಡ್ಡ ಇದ್ರ ಮುರಿಯೋ ಸಂಭವ ಹೆಚ್ಚು. ಅದಕ್ಕಿಂತ ದೊಡ್ಡ ಮಾತು, ನಾರು ಕಾವಿನ ಈ ತುದಿಯಿಂದ ಆ ತುದಿ ತನಕ ಓಡಬೇಕು, ನಡುವ ಮಗ್ಗಲಿಗೆ ಹೊರಗ ಹೋಗಬಾರದು.

ತೊಂದ್ರಿ ಬಂದಾಗ

ಟರ್ರ್ ಅಂತ ನಡಗಿ ಕಟಗಿ ಮ್ಯಾಲ ಗೆರಿ ಬೀಳ್ತಿದ್ರ ಮೊದಲ ಬ್ಲೇಡ್ ಸಡಿಲೇನು ನೋಡ್ರಿ, ಆಮ್ಯಾಲ ಹರಿತ, ಆಮ್ಯಾಲ ಸುರಳಿ ದಪ್ಪ. ಕಟಗೀನ ನಡಗ್ತಿರಬಹುದು, ತುದಿ ಹೊರಗ ಚಾಚಿದ್ರ ವೈಸ್ ಸನೇಕ ತಗೋರಿ. ಗೆರಿ ಬಿದ್ದ ಮ್ಯಾಲ ಅದ ದಿಕ್ಕಿನಾಗ ಮತ್ತ ಓಡಿಸಿದ್ರ ಆಳ ಆಗ್ತಾವು, ಓರಿ ಬದಲಿಸ್ರಿ ಇಲ್ಲಾ ಎದುರಿಂದ ಬರ್ರಿ.

ಬಾಯಿ ಕಟ್ಟಿಕೊಂಡ್ರ ಕಟಗಿ ಕಡ್ಡೀಲೆ ತಗೀರಿ, ಮೊಳೀಲೆ ಬ್ಯಾಡ. ಹಸಿ ಜಾಲ್ಯಾಗ ಇದು ಭಾಳ, ಅದರ ಅಂಟು ಬ್ಲೇಡಿಗೆ ಹಿಡೀತೈತಿ, ಸೀಮೆಎಣ್ಣಿ ಅರಿವೀಲೆ ಒರಸ್ರಿ. ಜಾರತಿದ್ರ ಮಸಿಯೋದು ಅನ್ನೋ ಭಾಗ ಮತ್ತೊಮ್ಮಿ ಓದ್ರಿ, ಹತ್ತಕ್ಕ ಒಂಬತ್ತು ಸಲ ಬೆನ್ನಿಂದ ತಕರಾರು. ಎಷ್ಟು ಹರಿತ ಮಾಡಿದ್ರೂ ಒಂದ ಜಾಗದಾಗ ಕಿತ್ತು ಬರ್ತಿದ್ರ ಹಟ ಬ್ಯಾಡ, ಅಲ್ಲಿ ಗಂಟು ಐತಿ, ಅಷ್ಟಕ್ಕ ಕಾನಸ ಇಲ್ಲಾ ಸ್ಕ್ರೇಪರ್ (ಕೆರಿಯೋ ಸ್ಟೀಲ್ ಪಟ್ಟಿ) ಹಿಡೀರಿ, ಗಾಜಿನ ಚೂರಿಗೂ ನನ್ನ ವಿರೋಧ ಇಲ್ಲ, ಕೈಗೆ ಅರಿವಿ ಸುತ್ತಿಕೋರಿ.

ಜೋಪಾನ

ಹಿತ್ತಾಳಿ ಪಟ್ಟಿಗೂ ಬ್ಲೇಡಿನ ಬೆನ್ನಿಗೂ ಮೇಣದಬತ್ತಿ ಒಂದ ಗೆರಿ ತಿಕ್ಕಿದ್ರ ಹತಾರ ಅರ್ಧ ಜೋರಿಗೆ ಓಡ್ತೈತಿ. ವಿಜಯಪುರದ ಬಿಸಲಾಗ ಕಟಗಿ ಮೈ ಒಣಗಿ ಕೊಂಬು ಸಡಿಲ ಆಗ್ತಾವು, ಬೆಳಗಾವಿ ಮಳಿಗಾಲದಾಗ ಉಬ್ಬಿ ಬಿಗೀ ಆಗ್ತಾವು ಮತ್ತ ಬ್ಲೇಡಿಗೆ ರಾತ್ರೋರಾತ್ರಿ ತುಕ್ಕು, ಕೆಲಸ ಮುಗದ ಮ್ಯಾಲ ಹೊಲಗಿ ಮಷೀನ್ ಎಣ್ಣಿ ಒಂದ ಹನಿ ಒರಸ್ರಿ. ಮಾಡಿದ ಕಾವಿಗೆ ಅಗಸಿ ಎಣ್ಣಿ ಎರಡ ಮೂರು ಕೈ ಹಚ್ಚಿ, ಪ್ರತಿ ಸಲ ಹೆಚ್ಚಾದದ್ದು ಒರಸಿ ತಗೀರಿ. ಆ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಅಗಸಿ ಎಣ್ಣಿ ಒಣಗೋ ಮುಂದ ಬಿಸಿ ಹುಟ್ತೈತಿ, ಮುದ್ದಿಯಾಗಿದ್ರ ತಾನಾಗಿ ಬೆಂಕಿ ಹತ್ತಬಹುದು. ಹೊರಗ ಹಗ್ಗದ ಮ್ಯಾಲ ಬಿಡಿಸಿ ಹರವಿ, ಪೂರಾ ಒಣಗಿ ಬಿರುಸಾದ ಮ್ಯಾಲ ಒಗೀರಿ.